ಹೂವಾಡಗಿತ್ತಿಯೂ ಬಡ್ಡಿಯ ಮುದುಕನೂ

ಫಿಲಿಪ್ಪೀನ ದ್ವೀಪಗಳ ರಾಜಧಾನಿಯಾದ ಮನಿಲಾ ಪಟ್ಟಣದಲ್ಲಿ ೧೯೧೯ನೆಯ ಇಸವಿ ಸೆಪ್ಟೆಂಬರು ೧೨ನೆಯ ತಾರೀಖು ಒಂದು ಮೂಕಚಿತ್ರವು ಮೊದಲ ಸಲ ತೆರೆಯ ಮೇಲೆ ಬಂದಿತು. ಅದರ ಹೆಸರು ‘ದಲಾಗಂಗ್ ಬುಕಿದ್’. ತಗಲಾಗ್ ಭಾಷೆಯಲ್ಲಿ ‘ದಲಾಗಾ’ ಎಂದರೆ ಕನ್ಯೆ, ‘ಬುಕಿದ್’ ಎಂದರೆ ಹೊಲ. ಹಳ್ಳಿಗಾಡಿನ ಕನ್ಯೆ ಎಂಬುದು ಒಟ್ಟಿನ ಅರ್ಥ. ಆ ದೇಶದವನೇ ಆದ ಒಬ್ಬನು ಆ ದೇಶದ ನಟನಟಿಯರನ್ನು ಕೂಡಿಸಿ ತೆಗೆದ ಮೊದಲನೆಯ ಪೂರ್ಣ ಕಥಾಚಿತ್ರವೆಂದು ಇದಕ್ಕೆ ಪ್ರಸಿದ್ಧಿಯುಂಟು. ಇಂದು ಆ ಚಿತ್ರದ ಒಂದು ಗೇಣು ಸುರುಳಿಯೂ ಉಳಿದಿಲ್ಲ. ಆದರೆ ಕಥೆಯುಳಿದಿದೆ, ಅದರ ಒಂದು ಹಾಡು ಉಳಿದಿದೆ, ಅದರಲ್ಲಿ ನಟಿಸಿದ ಹುಡುಗಿಯ ಕೀರ್ತಿಯುಳಿದಿದೆ. ಒಂದು ಜನಾಂಗವು ಚಲಚ್ಚಿತ್ರವೆಂಬ ಹೊಸ ಯಂತ್ರವನ್ನು ತನ್ನ ಕೈಗೆ ತೆಗೆದುಕೊಂಡಾಗ ಯಾವ ಕಥೆಯನ್ನು ಮೊದಲು ಹೇಳಿತೆಂಬುದು ವಿಚಾರಾರ್ಹವಾದ ವಿಷಯವೇ ಸರಿ.

ಕಥೆ ಸರಳವಾದುದು. ಆಂಹೆಲಿತಾ ಎಂಬವಳು ಬಡವರ ಮನೆಯ ತರುಣಿ. ಹೂವು ಮಾರಿ ಬದುಕುವವಳು. ಸಿಪ್ರಿಯಾನೊ ಎಂಬ ನ್ಯಾಯಶಾಸ್ತ್ರದ ವಿದ್ಯಾರ್ಥಿಯಲ್ಲಿ ಅವಳಿಗೆ ಅನುರಾಗ. ಆದರೆ ತಾಯಿತಂದೆಗಳಿಗೆ ಜೂಜಿನ ಚಟ. ದೋನ್ ಸಿಲ್ವೆಸ್ತ್ರೆ ಎಂಬ ಮುದುಕನು ಸಾಲ ಕೊಟ್ಟು ಬಡ್ಡಿ ತಿಂದು ಬೆಳೆದವನು, ಕುಣಿತದ ಮನೆಗಳಿಗೆ ಎಡೆಬಿಡದೆ ಹೋಗುವ ರಸಿಕ, ತಲೆ ನರೆತರೂ ಆಸೆ ನರೆಯದವನು. ಅವನ ಕಣ್ಣು ಹೂವಿನ ಹುಡುಗಿಯ ಮೇಲೆ ಬೀಳುತ್ತದೆ. ಹಣದ ಅಡಚಣೆಯಲ್ಲಿದ್ದ ತಾಯಿತಂದೆಗಳು ಮಗಳನ್ನು ಅವನಿಗೆ ಕೊಡಲು ಹವಣಿಸುತ್ತಾರೆ. ನಡುವೆ ಒಂದು ಸೌಂದರ್ಯಸ್ಪರ್ಧೆ. ಆಂಹೆಲಿತೆಯೇ ಅದರ ರಾಣಿ. ಕಿರೀಟಧಾರಣೆಯ ಸಮಾರಂಭಕ್ಕೆ ಮುಂಚೆಯೇ, ಅಷ್ಟರಲ್ಲಿ ವ್ಯಾಸಂಗವನ್ನು ಮುಗಿಸಿದ್ದ ಸಿಪ್ರಿಯಾನೊ ಅವಳನ್ನು ಇಗರ್ಜಿಗೆ ಕರೆದೊಯ್ದು ಲಗ್ನವಾಗಿಬಿಡುತ್ತಾನೆ. ಸುದ್ದಿ ತಿಳಿದೊಡನೆ ಮುದುಕನು ಮೂರ್ಛೆಹೋಗುತ್ತಾನೆ. ಅಲ್ಲಿಗೆ ಆಟ ಮುಗಿಯುತ್ತದೆ.

ಇಷ್ಟನ್ನೇ ಕೇಳಿದವರು ಇದನ್ನೊಂದು ಪ್ರಹಸನವೆಂದು ಬದಿಗಿಟ್ಟರೆ ಆಶ್ಚರ್ಯವಿಲ್ಲ. ಹಣವಂತ ಮುದುಕ, ಎಳೆಯ ಹುಡುಗಿ, ಬಡ ಪ್ರಿಯಕರ ಎಂಬ ಮೂವರನ್ನು ರಂಗದ ಮೇಲೆ ತಂದು ನಗಿಸದ ದೇಶವೇ ವಿರಳ. ಕನ್ಯಾವಿಕ್ರಯವೆಂಬ ಮಾತನ್ನು ಯಾವ ನಾಡಿನವರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮನಿಲಾದ ಜನರು ಆ ಕಾಲದಲ್ಲಿ ಈ ಕಥೆಯನ್ನು ಅಷ್ಟು ಮುಗಿಬಿದ್ದು ನೋಡಿದುದಕ್ಕೆ ಅವರ ಚರಿತ್ರೆಯಲ್ಲಿಯೇ ಕಾರಣಗಳಿವೆ.

ಚಿತ್ರವಾಗುವುದಕ್ಕೆ ಎರಡು ವರ್ಷ ಮೊದಲು, ೧೯೧೭ರಲ್ಲಿ, ಇದು ‘ಸರ್ಸುವೇಲಾ’ ಎಂಬ ಸಂಗೀತನಾಟಕವಾಗಿ ರಂಗಕ್ಕೆ ಬಂದಿತ್ತು. ಮಾತು, ಹಾಡು, ಕುಣಿತ ಮೂರೂ ಬೆರೆತ ಈ ನಾಟಕಪ್ರಕಾರವು ಸ್ಪೇನಿನಿಂದ ಬಂದುದು. ಸ್ಪೇನಿನವರು ಆ ದ್ವೀಪಗಳನ್ನು ಮುನ್ನೂರು ವರ್ಷಗಳಿಗೂ ಮಿಕ್ಕಿ ಆಳಿದರು. ಅವರ ಆಳ್ವಿಕೆಯ ಸಂಜೆಗಾಲದಲ್ಲಿ, ಎಂದರೆ ೧೮೭೦ರ ದಶಕದ ಕೊನೆಗೆ, ಅವರ ನಾಟಕಮಂಡಲಿಗಳು ಇದನ್ನು ಮನಿಲಾಕ್ಕೆ ತಂದವು. ಇಪ್ಪತ್ತೈದು ವರ್ಷಗಳೊಳಗೆ ದೇಶೀಯ ಕವಿಗಳು ಅದನ್ನು ತಮ್ಮ ನುಡಿಗೆ ಒಗ್ಗಿಸಿಕೊಂಡರು. ‘ದಲಾಗಂಗ್ ಬುಕಿದ್’ ನಾಟಕವನ್ನು ಬರೆದ ಎರ್ಮೊಹೆನೆಸ್ ಇಲಾಗಾನ್ ಬುಲಕಾನ್ ಪ್ರಾಂತದ ಬಿಗಾ ಎಂಬ ಊರಿನವನು; ಸ್ವತಃ ಒಳ್ಳೆಯ ಗಾಯಕ; ತನ್ನ ಹೆಸರಿನಲ್ಲಿಯೇ ಒಂದು ಮಂಡಲಿಯನ್ನು ಕಟ್ಟಿ ಊರೂರು ತಿರುಗಿದವನು. ಸಂಗೀತವನ್ನು ಲೆಯೋನ್ ಇಗ್ನಾಸಿಯೊ ಎಂಬವನು ಸಂಯೋಜಿಸಿದನು. ಈ ನಾಟಕವು ಸಾವಿರ ಪ್ರಯೋಗಗಳನ್ನು ಕಂಡಿತೆಂದು ಆ ನಾಡಿನಲ್ಲಿ ಹೇಳಿಕೆಯುಂಟು.

ಆದರೆ ಇಲಾಗಾನನಿಗಿಂತ ಹದಿನೈದು ವರ್ಷ ಹಿಂದಿನ ರಂಗಭೂಮಿಯ ಸ್ಥಿತಿ ಬೇರೆಯಾಗಿದ್ದಿತು. ೧೮೯೮ರಲ್ಲಿ ಸ್ಪೇನು ಯುದ್ಧದಲ್ಲಿ ಸೋತು, ಆ ದ್ವೀಪಗಳನ್ನು ಎರಡು ಕೋಟಿ ಡಾಲರುಗಳಿಗೆ ಅಮೇರಿಕದವರಿಗೆ ಒಪ್ಪಿಸಿತು. ಸ್ವಾತಂತ್ರ್ಯಕ್ಕಾಗಿ ಸ್ಪೇನಿನ ಮೇಲೆ ಕತ್ತಿ ಹಿರಿದಿದ್ದ ಜನರು ಈಗ ಹೊಸ ಒಡೆಯನ ಮೇಲೆ ಹಿರಿಯಬೇಕಾಯಿತು; ಸೋತರು. ೧೯೦೧ರಲ್ಲಿ ರಾಜದ್ರೋಹದ ಕಾಯಿದೆ ಬಂದಿತು. ಬಾಯಲ್ಲಿ ಹೇಳಬಾರದುದನ್ನು ನಾಟಕಕಾರರು ವೇಷದಲ್ಲಿ ಹೇಳತೊಡಗಿದರು. ದೇಶಮಾತೆಯೇ ಕಥೆಯ ಕನ್ಯೆ, ಪರಕೀಯನೇ ಅವಳನ್ನು ಬಯಸುವ ದುಷ್ಟ, ದೇಶಭಕ್ತನೇ ಪ್ರಿಯಕರ. ಬೇರೆ ಬೇರೆ ಬಣ್ಣದ ಉಡುಪು ತೊಟ್ಟ ಪಾತ್ರಗಳು ಒಂದು ಕ್ಷಣ ಸಾಲಾಗಿ ನಿಂತರೆ ಅವರ ನಿಷಿದ್ಧ ಧ್ವಜವೇ ರಂಗದ ಮೇಲೆ ಮೂಡುತ್ತಿತ್ತು. ೧೯೦೩ರಲ್ಲಿ ಔರೆಲಿಯೊ ತೊಲೆಂತಿನೊ ಎಂಬವನು ‘ನಿನ್ನೆ, ಇಂದು, ನಾಳೆ’ ಎಂಬ ಅರ್ಥದ ಹೆಸರಿನ ನಾಟಕವನ್ನಾಡಿಸಿ ಸೆರೆಮನೆಯನ್ನು ಸೇರಿದನು. ಇತರರಿಗೂ ಅದೇ ಗತಿಯಾಯಿತು.

ಈ ಸಾಲಿನಲ್ಲಿ ಒಂದು ನಾಟಕವನ್ನು ವಿಶೇಷವಾಗಿ ನೆನೆಯಬೇಕು. ೧೯೦೨ರಲ್ಲಿ ಸೆವೆರಿನೊ ರೇಯೆಸ್ ಬರೆದ ‘ವಲಂಗ್ ಸುಗತ್’, ಎಂದರೆ ‘ಗಾಯವಿಲ್ಲ’. ಅದರಲ್ಲಿ ತೆನ್ಯೋಂಗ್ ಎಂಬ ಯುವಕನು ತನ್ನ ತಂದೆಯನ್ನು ಕೊಂದ ಸ್ಪೇನಿನ ಪಾದ್ರಿಗಳ ಮೇಲಿನ ಹಗೆಯಿಂದ ಯುದ್ಧಕ್ಕೆ ಹೋಗುತ್ತಾನೆ. ಅವನ ಪ್ರಿಯೆಯಾದ ಹೂಲಿಯಾಳನ್ನು ಅವಳ ತಾಯಿಯು ಮಿಗೆಲ್ ಎಂಬ ಹಣವಂತ ಪೆದ್ದನಿಗೆ ಕೊಡಲು ನಿಶ್ಚಯಿಸುತ್ತಾಳೆ. ಲಗ್ನದ ಹೊತ್ತಿಗೆ ತೆನ್ಯೋಂಗನನ್ನು ಸಾಯುವ ಸ್ಥಿತಿಯಲ್ಲಿ ಹೊತ್ತು ತರುತ್ತಾರೆ. ಸಾಯುವವನ ಕೊನೆಯಾಸೆಯೆಂದು ಎಲ್ಲರೂ ಒಪ್ಪಿ ಹೂಲಿಯಾಳನ್ನು ಅವನಿಗೆ ವಿವಾಹ ಮಾಡುತ್ತಾರೆ. ಮಂತ್ರ ಮುಗಿದೊಡನೆ ಅವನು ಎದ್ದು ನಿಲ್ಲುತ್ತಾನೆ, ಗಾಯವೇ ಇಲ್ಲ! ಹಣವಂತ ವರನು ಬಾಯಿ ಬಿಟ್ಟು ನೋಡುತ್ತ ನಿಲ್ಲಬೇಕಾಗುತ್ತದೆ. ಇಗರ್ಜಿಯ ವಿಧಿಯನ್ನೇ ಹಿಡಿದು ಹಣವಂತನನ್ನು ಸೋಲಿಸುವ ಈ ಉಪಾಯವೇ ‘ದಲಾಗಂಗ್ ಬುಕಿದ್’ ಕಥೆಯ ಕೊನೆಯಲ್ಲಿಯೂ ಬಂದಿದೆಯೆಂಬುದು ಸ್ಪಷ್ಟವಾಗಿದೆ. ಹದಿನೈದು ವರ್ಷಗಳಲ್ಲಿ ಕತ್ತಿ ಮಾತ್ರ ಕಾಣೆಯಾಯಿತು. ಸಿಪಾಯಿಯ ಜಾಗದಲ್ಲಿ ವಕೀಲನು ಬಂದು ನಿಂತನು.

ಈ ಬದಲಾವಣೆಯನ್ನು ಹಿಂಜರಿಕೆಯೆಂದು ಬಗೆಯುವ ವಿಮರ್ಶಕರುಂಟು. ರಾಜದ್ರೋಹದ ಶಿಕ್ಷೆಗೆ ಅಂಜಿ ರಂಗಭೂಮಿಯು ದೇಶವನ್ನು ಬಿಟ್ಟು ಮನೆಯೊಳಕ್ಕೆ ನುಸುಳಿತು, ಜೂಜು, ಸಾಲ, ಮದುವೆಗಳ ಸಣ್ಣ ಮಾತಿಗೆ ಇಳಿಯಿತು ಎಂಬುದು ಅವರ ವಾದ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ೧೯೦೭ರಲ್ಲಿ ಬಂದ ಧ್ವಜನಿಷೇಧದ ಕಾಯಿದೆಯು ರದ್ದಾದುದು ೧೯೧೯ರ ಅಕ್ಟೋಬರಿನಲ್ಲಿ. ಚಿತ್ರವು ತೆರೆಗೆ ಬಂದ ದಿನ ಆ ಜನರಿಗೆ ತಮ್ಮ ಬಾವುಟವನ್ನು ಹಾರಿಸುವುದು ಇನ್ನೂ ಅಪರಾಧವಾಗಿಯೇ ಇದ್ದಿತು. ಆದರೆ ಮನೆಯ ಮಾತು ಸಣ್ಣದೆಂಬುದು ಒಪ್ಪತಕ್ಕ ಮಾತಲ್ಲ. ಹಳೆಯ ಒಡೆಯನು ಹೊಸ ಒಡೆಯನಿಗೆ ತಮ್ಮ ನಾಡನ್ನೇ ಬೆಲೆಗೆ ಕೊಟ್ಟುದನ್ನು ಕಂಡ ಜನರಿಗೆ, ಹೆತ್ತವರು ಮಗಳನ್ನು ಸಾಲಕ್ಕೆ ಕೊಡುವ ಕಥೆಯು ಕೇವಲ ಮನೆಯ ಕಥೆಯಾಗಿ ಕೇಳಿಸುತ್ತಿತ್ತೆನ್ನುವುದು ಕಷ್ಟ. ಅದೂ ಅಲ್ಲದೆ, ಸಾಲವೆಂಬುದು ಅಲ್ಲಿ ರೂಪಕವಾಗಿರಲಿಲ್ಲ, ನಿತ್ಯದ ಸಂಗತಿಯಾಗಿತ್ತು.

ಸಾಲದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ನೋಡತಕ್ಕದ್ದು. ೧೯೦೭ರಲ್ಲಿ ಸರಕಾರದವರು ಜೂಜನ್ನು ನಿಷೇಧಿಸುವ ಕಾಯಿದೆಯನ್ನು ಮಾಡಿದರು. ಆದರೆ ಇಸ್ಪೀಟಿನ ‘ಮೊಂತೆ’, ‘ಪಂಗ್ಗಿಂಗೆ’ ಮೊದಲಾದ ಆಟಗಳು ಬಾಗಿಲು ಹಾಕಿಕೊಂಡ ಮನೆಗಳಲ್ಲಿ ನಡೆದೇ ನಡೆದವು. ಕೋಳಿಯಂಕಕ್ಕಂತೂ ಗೊತ್ತಾದ ದಿನಗಳಲ್ಲಿ ಅನುಮತಿಯೇ ಇದ್ದಿತು. ೧೯೧೬ರಲ್ಲಿ ೨೬೫೫ನೆಯ ಅಂಕದ ಬಡ್ಡಿಯ ಕಾಯಿದೆ ಬಂದಿತು. ನೋಂದಾಯಿತ ಸ್ಥಿರಾಸ್ತಿಯನ್ನು ಅಡವಿಟ್ಟು ತೆಗೆದ ಸಾಲಕ್ಕೆ ವರ್ಷಕ್ಕೆ ನೂರಕ್ಕೆ ೧೨, ಅಂಥ ಆಧಾರವಿಲ್ಲದ ಸಾಲಕ್ಕೆ ನೂರಕ್ಕೆ ೧೪, ಇದಕ್ಕಿಂತ ಹೆಚ್ಚು ತೆಗೆದುಕೊಳ್ಳಕೂಡದೆಂದು ಅದರ ವಿಧಿ. ಕಾಯಿದೆಯಲ್ಲಿ ಇಂಥ ಮಿತಿಯನ್ನು ಬರೆಯಬೇಕಾಯಿತೆಂದರೆ ಅದಕ್ಕೆ ಮುಂಚೆ ಬಡ್ಡಿಯ ದರ ಯಾವ ಬಗೆಯದಾಗಿತ್ತೆಂಬುದನ್ನು ಊಹಿಸಬಹುದು. ಈ ಕಾಯಿದೆ ಜಾರಿಗೆ ಬಂದ ಮರುವರ್ಷವೇ ದೋನ್ ಸಿಲ್ವೆಸ್ತ್ರೆ ರಂಗಕ್ಕೆ ಬಂದನು. ಕಾಗದದ ಮೇಲೆ ಬಡ್ಡಿಗೆ ಮಿತಿಯಿದ್ದರೆ, ಕಾಗದವಿಲ್ಲದ ಸಾಲಕ್ಕೆ ಬೇರೆ ವಿಧದ ಬಡ್ಡಿಯನ್ನು ಕೇಳಬಹುದಷ್ಟೆ! ಹೊಲವೂ ಮನೆಯೂ ಇಲ್ಲದ ಕುಟುಂಬವು ಅಡವಿಡಬಹುದಾದುದು ಮಗಳೊಬ್ಬಳನ್ನೇ. ನಾಟಕಕಾರನು ಈ ಮಾತನ್ನು ಯಾವ ಪಾತ್ರದ ಬಾಯಿಂದಲೂ ಉಪದೇಶವಾಗಿ ಹೇಳಿಸಬೇಕಾಗಿರಲಿಲ್ಲ. ಕಥೆಯ ಕಟ್ಟೇ ಅದನ್ನು ಹೇಳುತ್ತಿತ್ತು. ವಯಸ್ಸಿನ ವಿಷಯದಲ್ಲಿ ಕಾನೂನು ಅಡ್ಡಬರುವಂತಿರಲಿಲ್ಲ: ೧೮೯೯ರ ವಿವಾಹವಿಧಿಯಂತೆ ಕನ್ಯೆಗೆ ೧೪ ವರ್ಷ ತುಂಬಿದರೆ ಸಾಕು, ವರನು ಎಷ್ಟು ಮುದುಕನಾದರೂ ಸಲ್ಲುತ್ತಿದ್ದಿತು.

ಸೌಂದರ್ಯಸ್ಪರ್ಧೆಯ ಪ್ರಸಂಗವು ಇಂದಿನವರಿಗೆ ಅಲಂಕಾರಕ್ಕಾಗಿ ಸೇರಿಸಿದಂತೆ ಕಾಣಬಹುದು. ಅದಕ್ಕೂ ನೆಲೆಯುಂಟು. ೧೯೦೮ರಿಂದ ಮನಿಲಾದಲ್ಲಿ ‘ಕಾರ್ನಿವಲ್’ ಎಂಬ ದೊಡ್ಡ ಉತ್ಸವವು ನಡೆಯತೊಡಗಿತು. ಅದರ ರಾಣಿಯನ್ನು ಆರಿಸುವುದಕ್ಕೆ ವೃತ್ತಪತ್ರಿಕೆಗಳಲ್ಲಿ ಮತಚೀಟಿಗಳನ್ನು ಅಚ್ಚುಹಾಕುತ್ತಿದ್ದರು. ಪತ್ರಿಕೆಯನ್ನು ಕೊಂಡವನಿಗೆ ಮತ. ಹೆಚ್ಚು ಪ್ರತಿಗಳನ್ನು ಕೊಳ್ಳಬಲ್ಲವನ ಕೈಯಲ್ಲಿ ಹೆಚ್ಚು ಮತಗಳು. ಹೀಗೆ ಚೆಲುವಿಗೂ ಹಣದ ತೂಕವೇ ಪ್ರಮಾಣವಾಯಿತು. ಹೂವಾಡಗಿತ್ತಿಯೊಬ್ಬಳು ರಾಣಿಯಾಗುವುದನ್ನು ಕಂಡ ಪ್ರೇಕ್ಷಕನಿಗೆ ಅದರ ಹಿಂದೆ ಯಾರ ಥೈಲಿ ಇರಬಹುದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೊಟ್ಟ ಕಿರೀಟವನ್ನು ತೊಡುವ ಮೊದಲೇ ಅವಳು ಇಗರ್ಜಿಗೆ ನಡೆದುಬಿಟ್ಟಳೆಂಬಲ್ಲಿ ಕಥೆಯ ಕಾವು ಇದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅಂತಸ್ತಿನ ಅಂತರವನ್ನು ಆ ಜನರು ‘ಲಂಗಿತ್ ಅತ್ ಲುಪಾ’, ಆಕಾಶ ಮತ್ತು ನೆಲ, ಎಂದು ಕರೆಯುವ ವಾಡಿಕೆಯುಂಟು. ಆಂಹೆಲಿತೆಯ ಮುಂದೆ ಇದ್ದ ಎರಡು ಮದುವೆಗಳೂ ಈ ಅಂತರವನ್ನು ದಾಟುವಂಥವೇ. ವಕೀಲನಾಗಿ ಹೊರಬಿದ್ದ ಯುವಕನೂ ಹೂವು ಮಾರುವ ಹುಡುಗಿಯೂ ಸಮಾನ ಸ್ಥಿತಿಯವರಲ್ಲ. ಫಿಲಿಪ್ಪೀನಿನ ವಿಶ್ವವಿದ್ಯಾನಿಲಯವು ೧೯೦೮ರಲ್ಲಿ ಸ್ಥಾಪಿತವಾಯಿತು. ೧೯೧೬ರ ಜೋನ್ಸ್ ಶಾಸನದಿಂದ ಎರಡು ಶಾಸನಸಭೆಗಳೂ ದೇಶೀಯರ ಕೈಗೆ ಬಂದವು. ಕೆಸೋನ್, ಒಸ್ಮೆನ್ಯಾ ಮೊದಲಾದ ಮುಂದಾಳುಗಳೆಲ್ಲ ನ್ಯಾಯಶಾಸ್ತ್ರವನ್ನು ಓದಿದವರು. ಹೀಗಿರಲು ನ್ಯಾಯಶಾಸ್ತ್ರದ ವಿದ್ಯಾರ್ಥಿಯೆಂದರೆ ನಾಳೆಯ ಅಧಿಕಾರಿಯೆಂದೇ ಅರ್ಥ. ಕಥೆಯು ಅಂತಸ್ತು ಮೀರಿದ ಪ್ರೇಮವನ್ನು ಹಳಿಯುವುದಿಲ್ಲ, ಅದನ್ನು ಹರಸುತ್ತದೆ. ಅದು ಹಳಿಯುವುದು ಕ್ರಯವನ್ನು. ಮುದುಕನ ಮುಪ್ಪೂ ಕೂಡ ಅಲ್ಲಿ ನಗೆಗೀಡಾಗುವುದು ಅದು ಹಣದ ಬೆನ್ನೇರಿ ಬಂದುದರಿಂದಲೇ. ಆದರೂ ಲೇಖಕನ ಧೈರ್ಯಕ್ಕೆ ಒಂದು ಮಿತಿಯಿತ್ತೆನ್ನಬೇಕು. ವರನು ವ್ಯಾಸಂಗ ಮುಗಿಸಿ ಸಂಪಾದನೆಗೆ ಅರ್ಹನಾಗುವವರೆಗೂ ಅವನು ಮದುವೆಯನ್ನು ಮಾಡಿಸಲಿಲ್ಲ. ಮುದುಕನು ಕೊಟ್ಟ ಸಾಲವು ಏನಾಯಿತೆಂಬ ಪ್ರಶ್ನೆಯನ್ನು ಮೂರ್ಛೆಯ ನಗೆಯಲ್ಲಿ ತೇಲಿಸಿಬಿಟ್ಟನು. ಜೂಜಾಡುವ ತಾಯಿತಂದೆಗಳ ಗತಿಯೇನು, ಬಾಕಿಯ ಲೆಕ್ಕವನ್ನು ಯಾರು ತೀರಿಸಬೇಕು? ಸಂಗೀತನಾಟಕಕ್ಕೆ ಇಂಥ ಲೆಕ್ಕಗಳು ಒಗ್ಗುವುದಿಲ್ಲವೆಂದು ಸಮಾಧಾನ ಹೇಳಬಹುದು. ಆದರೆ ಪ್ರಶ್ನೆ ಅಲ್ಲಿಯೇ ನಿಂತಿದೆ.

ಇನ್ನು ಚಿತ್ರದ ವಿಚಾರ. ಮನಿಲಾದ ಜನರು ೧೮೯೭ರ ಜನವರಿಯಲ್ಲಿಯೇ ಎಸ್ಕೋಲ್ತಾ ಬೀದಿಯಲ್ಲಿ ಚಲಿಸುವ ಚಿತ್ರಗಳನ್ನು ಕಂಡಿದ್ದರು. ೧೯೧೨ರಲ್ಲಿ ಅಮೇರಿಕದವರಾದ ಗ್ರಾಸ್, ಇಯರ್ಸ್‌ಲಿ ಎಂಬಿಬ್ಬರು ಪೈಪೋಟಿಯಿಂದ ರಾಷ್ಟ್ರವೀರನಾದ ಹೋಸೆ ರಿಜಾಲನ ಜೀವನವನ್ನೂ ಮರಣವನ್ನೂ ಚಿತ್ರಿಸಿ ತೋರಿಸಿದರು. ಹೋಸೆ ನೆಪೊಮುಸೆನೊ ಎಂಬವನು ೧೮೯೩ರಲ್ಲಿ ಹುಟ್ಟಿದವನು, ವೃತ್ತಿಯಿಂದ ಛಾಯಾಗ್ರಾಹಕ. ಅವನು ೧೯೧೭ರಲ್ಲಿ ತನ್ನ ಸೋದರನೊಡನೆ ‘ಮಲಯನ್ ಮೂವೀಸ್’ ಎಂಬ ಸಂಸ್ಥೆಯನ್ನು ಆರಂಭಿಸಿದನು. ಕಥೆಯನ್ನು ತೆಗೆಯುವ ಮುನ್ನ ಸಾಕ್ಷ್ಯಚಿತ್ರಗಳಿಂದ ಕೈಯನ್ನು ಪಳಗಿಸಿಕೊಂಡನು. ಮೊದಲ ಕಥೆಗೆ ಅವನು ಹೊಸದೊಂದನ್ನು ಬರೆಯಿಸದೆ, ಜನರ ನಾಲಗೆಯ ಮೇಲಿದ್ದ ನಾಟಕವನ್ನೇ ಆರಿಸಿಕೊಂಡುದು ವ್ಯಾಪಾರಿಯ ಜಾಣತನ. ನಾಟಕದ ನಟವರ್ಗವನ್ನೂ ಅವನು ಬಿಡಲಿಲ್ಲ. ಸಿಪ್ರಿಯಾನೊ ಪಾತ್ರವನ್ನು ಮಾರ್ಸೆಲಿಯಾನೊ ಇಲಾಗಾನ್, ಆಂಹೆಲಿತೆಯ ಪಾತ್ರವನ್ನು ರಂಗದ ಮೇಲೆ ಅದೇ ಪಾತ್ರದಿಂದ ಹೆಸರಾಗಿದ್ದ ಆತಾಂಗ್ ದೆ ಲಾ ರಾಮಾ ವಹಿಸಿದರು. ನಡುನಡುವೆ ತೋರಿಸುವ ಬರಹಗಳು ಸ್ಪಾನಿಷ್, ಇಂಗ್ಲಿಷ್, ತಗಲಾಗ್ ಎಂಬ ಮೂರು ಭಾಷೆಗಳಲ್ಲಿದ್ದವು. ಹಳೆಯ ಒಡೆಯ, ಹೊಸ ಒಡೆಯ, ಮನೆಯವರು, ಮೂವರಿಗೂ ತೃಪ್ತಿ.

ಆದರೆ ತೊಡಕೊಂದಿತ್ತು. ಸಂಗೀತನಾಟಕದ ಜೀವವೇ ಹಾಡು, ಚಿತ್ರವೋ ಮೂಕ. ಈ ನಾಟಕದ ‘ನಬಾಸಗ್ ಅಂಗ್ ಬಂಗಾ’ ಎಂಬ ಹಾಡು ಅತ್ಯಂತ ಜನಪ್ರಿಯವಾಗಿದ್ದಿತು. ‘ಕೊಡ ಒಡೆಯಿತು’ ಎಂದು ಅದರ ಅರ್ಥ. ಹುಡುಗಿಯ ಕೈಯ ಕೊಡ ಒಡೆದರೆ ಮಣ್ಣಿನ ನಷ್ಟವೊಂದೇ ಅಲ್ಲವೆಂಬ ಶ್ಲೇಷೆಯನ್ನು ಕೇಳಿ ನಗುವುದಕ್ಕಾಗಿಯೇ ಜನರು ಬರುತ್ತಿದ್ದರು. ಹಾಡಿಲ್ಲದ ‘ದಲಾಗಂಗ್ ಬುಕಿದ್’ ಚಿತ್ರವನ್ನು ಯಾರು ನೋಡುವರು? ನೆಪೊಮುಸೆನೊ ಇದಕ್ಕೆ ಕಂಡುಕೊಂಡ ಉಪಾಯವು ಸರಳವಾದುದು: ಚಿತ್ರವು ನಡೆಯುವ ಮಂದಿರಕ್ಕೆ ಆತಾಂಗಳನ್ನೇ ಕರೆಯಿಸಿದನು. ತೆರೆಯ ಮೇಲಿನ ಆಂಹೆಲಿತೆ ಬಾಯಿ ತೆರೆದ ಹೊತ್ತಿಗೆ ಮಂದಿರದಲ್ಲಿದ್ದ ಆಂಹೆಲಿತೆ ಹಾಡುವಳು. ಪಿಯಾನೊ, ಪಿಟೀಲು, ಕಹಳೆಗಳ ಮೇಳ. ಆ ದೇಶದವರದೇ ಆದ ವಾಕ್ಚಿತ್ರವು ಬಂದುದು ೧೯೩೦ರ ದಶಕದಲ್ಲಿ. ಅದಕ್ಕೆ ಮುಂಚೆಯೇ ಮನಿಲಾದ ಪ್ರೇಕ್ಷಕರು ನೆರಳು ಹಾಡುವುದನ್ನು ಕೇಳಿದ್ದರು.

ಹಾಡುತ್ತಿದ್ದವಳಿಗೆ ಆಗ ಹದಿನೇಳು ವರ್ಷ. ಆತಾಂಗ್ ೧೯೦೨ರಲ್ಲಿ ಹುಟ್ಟಿದವಳು. ಏಳು ವರ್ಷದ ಕೂಸಾಗಿದ್ದಾಗಲೇ ಸ್ಪಾನಿಷ್ ಸರ್ಸುವೇಲಾಗಳಲ್ಲಿ ಕಾಣಿಸಿಕೊಂಡು, ಹದಿನೈದರಲ್ಲಿ ಆಂಹೆಲಿತೆಯ ಪಾತ್ರ ತೊಟ್ಟಳು. ಎಂದರೆ, ಮುದುಕನು ಕೇಳಿದ ಹುಡುಗಿಯ ವಯಸ್ಸನ್ನು ಅವಳು ನಟಿಸಬೇಕಾಗಿರಲಿಲ್ಲ. ಮುಂದೆ ಅವಳು ‘ಕುಂದಿಮಾನ್’ ಎಂಬ ವಿರಹಗೀತೆಗಳ ರಾಣಿಯೆಂದು ಬಿರುದಾಂತಳು. ೧೯೩೨ರಲ್ಲಿ ಅಮಾದೊ ಎರ್ನಾಂದೆಸ್ ಎಂಬ ಕವಿಯನ್ನು ವರಿಸಿದಳು. ಅವನು ಕಾರ್ಮಿಕರ ಮುಂದಾಳಾಗಿ, ೧೯೫೧ರಲ್ಲಿ ದಂಗೆಯ ಆಪಾದನೆಯ ಮೇಲೆ ಸೆರೆಯಾಗಿ, ಜಾಮೀನಿನ ಮೇಲೆ ಹೊರಬಂದುದು ೧೯೫೬ರಲ್ಲಿ. ನಿರ್ದೋಷಿಯೆಂಬ ತೀರ್ಪು ದೊರೆತುದು ೧೯೬೪ರಲ್ಲಿ. ಆ ದೇಶದ ಅತ್ಯುನ್ನತವಾದ ‘ರಾಷ್ಟ್ರೀಯ ಕಲಾವಿದ’ ಪದವಿಯು ಅವನಿಗೆ ಮರಣಾನಂತರ ೧೯೭೩ರಲ್ಲಿಯೂ, ಅವಳಿಗೆ ೧೯೮೭ರಲ್ಲಿಯೂ ಬಂದಿತು. ಆತಾಂಗ್ ೧೯೯೧ರಲ್ಲಿ ತೀರಿಕೊಂಡಳು. ರಂಗದ ಮೇಲೆ ಹಣವಂತನನ್ನು ತೊರೆದು ಓದಿದ ಯುವಕನ ಕೈಹಿಡಿದವಳ ನಿಜಜೀವನದಲ್ಲಿ ಆ ಕೈಹಿಡಿತಕ್ಕೆ ತೆರಬೇಕಾಗಿ ಬಂದ ಬೆಲೆಯನ್ನು ಇಲಾಗಾನನ ನಾಟಕವು ಕಲ್ಪಿಸಿರಲಿಲ್ಲ.

ಚಿತ್ರಕ್ಕೆ ೨೫,೦೦೦ ಪೆಸೊ ವೆಚ್ಚವಾಗಿ ೯೦,೦೦೦ ಪೆಸೊ ಉತ್ಪತ್ತಿಯಾಯಿತೆಂದು ಹೇಳುತ್ತಾರೆ. ಆಗಿನ ಎರಡು ಪೆಸೊಗಳಿಗೆ ಒಂದು ಡಾಲರು. ಅಲ್ಲಿಂದ ಮುಂದೆ ಅಂತಸ್ತುಮೀರಿದ ಪ್ರೇಮವು ಆ ನಾಡಿನ ಚಿತ್ರಗಳ ಹೆದ್ದಾರಿಯಾಯಿತು. ಎಲ್.ವಿ.ಎನ್. ಸಂಸ್ಥೆಯವರ ಮೊದಲ ಚಿತ್ರವಾದ ‘ಗಿಲಿವ್ ಕೊ’ (೧೯೩೯) ಹಳ್ಳಿಯ ಹುಡುಗಿಯನ್ನೂ ಜಮೀನುದಾರನ ಮಗನನ್ನೂ ಕುರಿತುದು. ಅದು ದೈವಯೋಗದಿಂದ ಉಳಿದು, ಆಸ್ಟ್ರೇಲಿಯದ ಚಿತ್ರಭಂಡಾರದವರ ನೆರವಿನಿಂದ ೧೯೯೮ರಲ್ಲಿ ಜೀರ್ಣೋದ್ಧಾರವಾಯಿತು. ಎರಡನೆಯ ಮಹಾಯುದ್ಧಕ್ಕೆ ಹಿಂದಿನ ಫಿಲಿಪ್ಪೀನ ಚಿತ್ರಗಳಲ್ಲಿ ಹೀಗೆ ಉಳಿದವು ಬೆರಳೆಣಿಕೆಯಷ್ಟು ಮಾತ್ರ. ಬೇಗ ಉರಿಯುವ ನೈಟ್ರೇಟ್ ಸುರುಳಿ, ಉಷ್ಣದೇಶದ ಬಿಸಿ ಮತ್ತು ತೇವ, ಇವುಗಳ ಮೇಲೆ ೧೯೪೫ರ ಫೆಬ್ರವರಿಯ ಯುದ್ಧದಲ್ಲಿ ಮನಿಲಾ ಪಟ್ಟಣವೇ ಸುಟ್ಟು ಹೋಯಿತು. ನೆಪೊಮುಸೆನೊ ತೆಗೆದ ಮೂಕಚಿತ್ರಗಳಲ್ಲಿ ಒಂದೂ ಇಂದು ನೋಡಲು ಸಿಕ್ಕುವುದಿಲ್ಲ. ೨೦೧೯ರ ಸೆಪ್ಟೆಂಬರು ೧೨ರಿಂದ ಒಂದು ವರ್ಷವನ್ನು ಸರಕಾರವು ಫಿಲಿಪ್ಪೀನ ಚಲಚ್ಚಿತ್ರದ ಶತಮಾನೋತ್ಸವವೆಂದು ಘೋಷಿಸಿತು. ಉತ್ಸವಕ್ಕೆ ಕಾರಣವಾದ ಚಿತ್ರವೊಂದನ್ನು ಬಿಟ್ಟು ಉಳಿದುದನ್ನು ತೋರಿಸಬೇಕಾಯಿತು.

ಮೂರ್ಛೆಹೋದ ಮುದುಕನಾದರೋ ಬಹುಕಾಲ ಮಲಗಿರಲಿಲ್ಲ. ೧೯೨೦ರಲ್ಲಿ ನೆಪೊಮುಸೆನೊ ಅವನನ್ನು ಎಬ್ಬಿಸಿ ಮತ್ತೊಂದು ಚಿತ್ರವನ್ನು ತೆಗೆದನು. ಅದರ ಹೆಸರು ‘ಲಾ ವೆಂಗಾನ್ಸಾ ದೆ ದೋನ್ ಸಿಲ್ವೆಸ್ತ್ರೆ’: ದೋನ್ ಸಿಲ್ವೆಸ್ತ್ರೆಯ ಸೇಡು. ಆ ಸುರುಳಿಯೂ ನಷ್ಟವಾಗಿದೆ.